ಅವನ ಕಪಾಟಿನಲ್ಲಿದ್ದ ಬಾಯಿ

"ಏನ್ರೀ ಅದು, ಹಾಗೆ ನೋಡ್ತಿದ್ದೀರಿ?"

ಅವಳ ಒಂದು ಕೈಯಲ್ಲಿ ಸೀಗಡಿ ತುಂಬಿದ ಬಕೆಟ್ಟು, ಇನ್ನೊಂದರಲ್ಲಿ ಉದ್ದನೆಯ ಇಕ್ಕಳ. ಎದುರಿಗೆ, ಅಕ್ವೇರಿಯಂನ ಹಿಂಬಾಗಿಲ ಹತ್ತಿರ, ಹೆಗಲಿಗೆ ಚೀಲ ಹಾಕಿಕೊಂಡ ಅಪರಿಚಿತನೊಬ್ಬ ನಿಂತಿದ್ದ. ಅವನ ಕಣ್ಣು ಅವಳ ಕಣ್ಣಿನ ಮೇಲಿರಲಿಲ್ಲ. ನೇರವಾಗಿ ಅವಳ ತುಟಿಯ ಮೇಲಿತ್ತು!

"ಬಾಯಿ," ಎಂದ ಅವನು.

"ಏನಂದ್ರಿ?!"

"ಅಲ್ಲ... ಅಂದ್ರೆ... ಹಲ್ಲು. ಕ್ಷಮಿಸಿ. ಅಭ್ಯಾಸ."

ಹಾಗೆಂದವನು ಕಿವಿಯ ತುದಿಯವರೆಗೂ ಕೆಂಪಾದ. ಆದರೂ ನೋಟ ಮಾತ್ರ ಕೀಳಲಿಲ್ಲ. ಎಂದೋ ಕಳೆದುಹೋದ ವಸ್ತು ದಾರಿಯಲ್ಲಿ ಸಿಕ್ಕವನ ಹಾಗೆ, ಬೆರಗಿನಿಂದ ಅವಳ ಮುಂದಿನ ಹಲ್ಲುಗಳನ್ನೇ ನೋಡುತ್ತಿದ್ದ.

'ಎಲಾ ಇವನ! ಹಾಡಹಗಲೇ, ಅದೂ ನನ್ನ ಮೀನುಗಳ ಎದುರಿಗೆ!'

"ನೋಡ್ರೀ, ಇದು ಮೀನಿನ ಊಟ. ಇನ್ನೊಂದು ಸಲ ಹಾಗೆ ನೋಡಿದ್ರೆ ಪೂರ್ತಿ ಬಕೆಟ್ಟು ನಿಮ್ಮ ತಲೆ ಮೇಲಿರುತ್ತೆ!"

ಅಷ್ಟರಲ್ಲಿ ಡೈರೆಕ್ಟರು ಓಡೋಡಿ ಬಂದರು. "ಓಹೋ, ಪರಿಚಯ ಆಯ್ತಾ? ಒಳ್ಳೇದಾಯ್ತು! ಇವರು ಹಲ್ಲಿನ ಸೆಟ್ಟು ಮಾಡೋರು. ನಮ್ಮ ಹೊಸ ಗ್ಯಾಲರಿಗೆ ಮೀನಿನ ತಲೆಗಳನ್ನ ಮಾಡಿಕೊಡ್ತಾರೆ. ಇನ್ನು ಇವರು ನಮ್ಮ ಬಾಯಿ ಮೇಡಂ. ಮೀನಿನ ಬಾಯಿ ನೋಡಿದ್ರೆ ಸಾಕು, ಅದು ಏನು ತಿನ್ನುತ್ತೆ, ಎಲ್ಲಿ ತಿನ್ನುತ್ತೆ, ಹೇಗೆ ತಿನ್ನುತ್ತೆ, ಎಲ್ಲಾ ಹೇಳ್ತಾರೆ!"

ಬಾಯಿ ಮೇಡಂ ಎಂಬ ಹೆಸರು ಬರಲು ಇನ್ನೊಂದು ಕಾರಣವೂ ಇತ್ತು. ಡೈರೆಕ್ಟರು ಅದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬಕೆಟ್ಟಿನ ಮಾತು ಕಾರಿಡಾರಿನ ಆಚೆಗೂ ಕೇಳಿಸಿತ್ತು!

ಅವಳು ದುರುಗುಟ್ಟಿ ನೋಡುತ್ತಾ ಹೊರಟಳು. ಆದರೆ ಟ್ಯಾಂಕಿನ ಹತ್ತಿರ ಹೋಗಿ ನಿಂತಾಗ ಅವಳ ನಾಲಿಗೆ ತಾನಾಗಿಯೇ ಮೇಲಿನ ಸಾಲಿನ ಒಂದು ಹಲ್ಲನ್ನು ಮುಟ್ಟಿ ನೋಡಿತು.

ಆ ಹಲ್ಲು ಅವಳದ್ದಲ್ಲ.

ಎರಡು ವರ್ಷದ ಹಿಂದೆ, ಹವಳದ ದಿಬ್ಬದ ಹತ್ತಿರ ಮುಳುಗಿ ಮೇಲೆ ಬರುವಾಗ ದೋಣಿಯ ಏಣಿ ಬಾಯಿಗೆ ಬಡಿದಿತ್ತು. ಮುಂದಿನ ಹಲ್ಲು ಮುರಿದು ನೀರುಪಾಲಾಯಿತು. ಕಟ್ಟಿಸಿಕೊಂಡದ್ದು ಈ ಹೊಸ ಹಲ್ಲು. ಅಜ್ಜಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಎಲ್ಲರ ಬಾಯಿಯ ಗುಟ್ಟು ಹೇಳುವವಳಿಗೆ ತನ್ನ ಬಾಯಿಯ ಗುಟ್ಟು ಹೊರಬೀಳುವುದು ಬೇಕಿರಲಿಲ್ಲ.

'ಗೊತ್ತಾಗಿಬಿಟ್ಟಿತಾ ಇವನಿಗೆ? ಥೂ... ಹಲ್ಲಪ್ಪ!'

ಅಂದಿನಿಂದ ಅವಳ ಮಟ್ಟಿಗೆ ಅವನ ಹೆಸರು ಹಲ್ಲಪ್ಪ.

*

ಹೊಸ ಗ್ಯಾಲರಿಯ ಯೋಚನೆ ಅವಳದ್ದೇ. ಗೋಡೆಯಿಂದ ದೊಡ್ಡ ದೊಡ್ಡ ಮೀನಿನ ತಲೆಗಳು ಹೊರಗೆ ಚಾಚಿರಬೇಕು. ಮಕ್ಕಳು ಪಕ್ಕದ ಹಿಡಿಕೆ ಎಳೆದರೆ ಬಾಯಿ ತೆರೆಯಬೇಕು, ಮುಚ್ಚಬೇಕು. ಆಗ ಮಕ್ಕಳೇ ಊಹಿಸಬೇಕು, ಈ ಬಾಯಿಗೆ ಯಾವ ಊಟ?

ಹವಳದ ದಿಬ್ಬ ಎಂದರೆ ಒಂದು ಊರಿದ್ದ ಹಾಗೆ. ಒಂದೇ ಬೀದಿ, ನೂರು ಮನೆ, ಒಬ್ಬೊಬ್ಬರದು ಒಂದೊಂದು ಅಡುಗೆ. ಗಿಳಿಮೀನಿಗೆ ಹಲ್ಲೆಲ್ಲ ಕೂಡಿಕೊಂಡು ಗಿಣಿಯ ಕೊಕ್ಕಿನಂತಾಗಿದೆ, ಕಲ್ಲನ್ನು ಕೆರೆದು ಪಾಚಿ ತಿನ್ನಲು. ಚಿಟ್ಟೆಮೀನಿನ ಮೂತಿ ಚಿಮುಟದಷ್ಟು ಸಣ್ಣ, ಸಂದಿಯಿಂದ ಹುಳ ಹೆಕ್ಕಲು. ಇನ್ನೊಂದಕ್ಕೆ ಕಣ್ಣು ನೆತ್ತಿಯ ಹತ್ತಿರ, ಬಾಯಿ ಎಲ್ಲೋ ಕೆಳಗೆ. ಮುಳ್ಳಿನ ಉಂಡೆಯಂಥ ಕಡಲಜೀವಿಯನ್ನು ಕಚ್ಚುವಾಗ ಮುಳ್ಳು ಕಣ್ಣಿಗೆ ಚುಚ್ಚಬಾರದಲ್ಲ!

ಇದನ್ನೆಲ್ಲ ಅವಳು ಹಲ್ಲಪ್ಪನಿಗೆ ಒಂದೇ ಉಸಿರಿನಲ್ಲಿ ಹೇಳಿದಳು. ಚಿತ್ರ ಕೊಟ್ಟಳು, ಅಳತೆ ಕೊಟ್ಟಳು.

ಅವನು ಎಲ್ಲಕ್ಕೂ "ಹೂಂ" ಎಂದ.

'ಬಾಯಲ್ಲಿ ಏನು ಹತ್ತಿ ಉಂಡೆ ಇಟ್ಕೊಂಡಿದ್ದಾನಾ?'

ಪಂಪಿನ ಕೋಣೆಯ ಪಕ್ಕದ ಸಣ್ಣ ರೂಮೇ ಅವನ ಕಾರ್ಖಾನೆಯಾಯಿತು. ಒಂದು ಮೇಜು, ಒಂದು ಕಪಾಟು, ಪ್ಲಾಸ್ಟರಿನ ಚೀಲಗಳು, ಸಣ್ಣ ಉಳಿಗಳು. ವಾರ ಕಳೆದ ಮೇಲೆ ಮೊದಲ ತಲೆ ಸಿದ್ಧವಾಯಿತು ಎಂದು ಕರೆ ಬಂತು. ಅದು ದೊಡ್ಡ ಟ್ಯಾಂಕಿನ ಗುಹೆಯಲ್ಲಿ ಸದಾ ಕೆಳತುಟಿ ಮುಂದೆ ಮಾಡಿ, ಹೆಣ್ಣು ಕೊಟ್ಟ ಮನೆಯವರ ಮೇಲೆ ಮುನಿಸಿಕೊಂಡವರ ಹಾಗೆ ಕೂರುವ ಭಾರೀ ಮೀನಿನ ತಲೆ. ಸಿಬ್ಬಂದಿಯೆಲ್ಲ ಅದನ್ನು 'ಮಾವ' ಎನ್ನುತ್ತಿದ್ದರು.

ಅವಳು ಬಂದು ನೋಡಿದಳು. ಮೀನಿನ ಚರ್ಮ ಅದ್ಭುತ. ಕಣ್ಣು ಜೀವಂತ. ಆದರೆ ಬಾಯಿ...?

"ಇದೇನ್ರೀ ಇದು? ಮಾವನ ಕೆಳದವಡೆ ಎಲ್ಲಿ ಹೋಯ್ತು?"

"ಅದು ಮುಂದೆ ಬಂದಿತ್ತು," ಎಂದ ಅವನು ಮೆಲ್ಲಗೆ.

"ಹೌದು, ಬಂದಿತ್ತು. ಆಮೇಲೆ?"

"ಸರಿ ಮಾಡಿದೆ."

ಆಗ ಅವಳಿಗೆ ಹೊಳೆಯಿತು. ಹತ್ತು ವರ್ಷ ಮನುಷ್ಯರ ದವಡೆ ಮಾಡಿದ ಕೈ! ಕೆಳಗಿನ ಸಾಲು ಮುಂದೆ ಕಂಡ ಕೂಡಲೇ ಪಾಪ, ಅದನ್ನು ಒಳಗೆ ತಳ್ಳಿ, ಮೇಲಿನ ಸಾಲಿನ ಹಿಂದೆ ಅಚ್ಚುಕಟ್ಟಾಗಿ ಕೂರಿಸಿಬಿಟ್ಟಿದೆ. ಮಾವ ಈಗ ಪಾಸ್‌ಪೋರ್ಟಿನ ಫೋಟೋಗೆ ಕುಳಿತ ಗುಮಾಸ್ತರಂತೆ ಕಾಣುತ್ತಿದ್ದ!

ಅವಳಿಗೆ ನಗು ಉಕ್ಕಿತು. ತಡೆದಳು. ಆಗಲಿಲ್ಲ. ಪ್ಲಾಸ್ಟರಿನ ಚೀಲದ ಮೇಲೆ ಕುಸಿದು ಕುಳಿತು ಹೊಟ್ಟೆ ಹಿಡಿದು ನಕ್ಕಳು.

"ರೀ... ಅಯ್ಯೋ... ನೀವು ಮೀನಿಗೆ ಹಲ್ಲು ಸರಿ ಮಾಡಿಬಿಟ್ರಲ್ಲ್ರೀ! ಈ ಬಾಯಿ ಇಟ್ಕೊಂಡು ಮಾವ ಉಪವಾಸ ಸಾಯ್ತಾನೆ!"

ಅವನು ಮೊದಲು ಗಾಬರಿಯಾದ. ಆಮೇಲೆ ತಾನು ಮಾಡಿದ ತಲೆಯನ್ನೂ ಅವಳ ಚಿತ್ರವನ್ನೂ ಮತ್ತೆ ಮತ್ತೆ ನೋಡಿದ. ಆಮೇಲೆ... ನಕ್ಕ. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು.

"ಬನ್ನಿ," ಎಂದಳು ಕಣ್ಣೊರೆಸಿಕೊಂಡು. "ಚಿತ್ರ ನೋಡಿ ಬಾಯಿ ಅರ್ಥ ಆಗಲ್ಲ. ಊಟಕ್ಕೆ ಕೂತಾಗ ನೋಡಬೇಕು."

*

ಅಂದಿನಿಂದ ಮೀನಿನ ಊಟದ ಹೊತ್ತಿಗೆ ಇಬ್ಬರೂ ಟ್ಯಾಂಕಿನ ಮುಂದೆ.

ಮಾವ ಬಾಯಿ ತೆರೆದರೆ ಗುಹೆಯೊಳಗೆ ಇನ್ನೊಂದು ಗುಹೆ. ಕೆಳದವಡೆ ಬಾಗಿಲಂತೆ ಬಿದ್ದು, ನೀರಿನ ಜೊತೆ ಸೀಗಡಿಯೂ ಸುರ್ರೆಂದು ಒಳಗೆ! "ನೋಡಿದ್ರಾ? ಅಗಿಯೋ ಮಾತೇ ಇಲ್ಲ. ಹೀರೋದು, ನುಂಗೋದು." ಹಲ್ಲಪ್ಪ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದ. ಅವನ ಉಸಿರಿಗೆ ಗಾಜು ಮಂಜಾಗುತ್ತಿತ್ತು.

ಆದರೆ ಅವನ ಮನಸ್ಸು ಕದ್ದದ್ದು ಬೇರೊಂದು ಮೀನು. ಮೂಲೆಯ ಟ್ಯಾಂಕಿನಲ್ಲಿ ತನ್ನ ಪಾಡಿಗೆ ತಾನಿರುವ, ಸಾಧಾರಣ ಮುಖದ ಮೀನು.

"ಇದರಲ್ಲಿ ವಿಶೇಷ ಏನೂ ಕಾಣಲ್ವಲ್ಲ?" ಎಂದ.

"ತಡೀರಿ..." ಅವಳು ಇಕ್ಕಳದ ತುದಿಯಲ್ಲಿ ಒಂದು ಸೀಗಡಿ ಹಿಡಿದು ದೂರದಲ್ಲೇ ಇಳಿಬಿಟ್ಟಳು.

ಮೀನು ಸುಮ್ಮನೆ ನೋಡಿತು. ಇದ್ದಕ್ಕಿದ್ದಂತೆ, ಎಲ್ಲಿ ಮಡಚಿಟ್ಟಿತ್ತೋ ಏನೋ, ಇಡೀ ಬಾಯಿ ಕೊಳವೆಯಂತೆ ಮುಂದೆ ಚಾಚಿಕೊಂಡಿತು! ಮೈಯ ಅರ್ಧದಷ್ಟು ಉದ್ದ! ಸೀಗಡಿ ಮಾಯ. ಬಾಯಿ ಮತ್ತೆ ಮಡಚಿ ಒಳಗೆ. ಮೀನು ಏನೂ ಆಗದ ಹಾಗೆ, ಅದೇ ಸಾಧು ಮುಖ.

ಹಲ್ಲಪ್ಪ ಹೌಹಾರಿ ಎರಡು ಹೆಜ್ಜೆ ಹಿಂದೆ ಬಂದ. ಹಿಂದೆ ಅವಳಿದ್ದಳು. ಅವನ ಭುಜ ಅವಳ ಭುಜಕ್ಕೆ ತಾಗಿತು. ಇಬ್ಬರೂ ತಕ್ಷಣ ಸರಿದು ನಿಂತರು... ತಕ್ಷಣ ಅಂದರೆ, ತಕ್ಷಣಕ್ಕಿಂತ ಸ್ವಲ್ಪ ತಡವಾಗಿ.

"ಚಾಚುಬಾಯಿ ಅಂತೀವಿ ನಾವು," ಎಂದಳು, ಯಾಕೋ ದನಿ ತಗ್ಗಿತ್ತು. "ನೋಡೋಕೆ ಮೂಗನ ಹಾಗಿರುತ್ತೆ. ಬಾಯಿ ಇರುತ್ತೆ, ಮಡಚಿಟ್ಟಿರುತ್ತೆ. ಬೇಕು ಅನ್ನಿಸಿದಾಗ ಮಾತ್ರ..."

"ನನ್ನ ಹಾಗೆ," ಎಂದ ಅವನು.

ಅವಳು ತಿರುಗಿ ನೋಡಿದಳು. ಅವನು ಮೀನನ್ನೇ ನೋಡುತ್ತಿದ್ದ. ಆದರೆ ಕಿವಿಯ ತುದಿ ಕೆಂಪಾಗಿತ್ತು.

ಅಯ್ಯೋ, ಈ ಹುಡುಗಿಯ ಎದೆ! ಎಷ್ಟೋ ಸಲ ಮೂವತ್ತು ಅಡಿ ನೀರಿನ ಕೆಳಗೆ ಹೋಗಿ ಬಂದ ಎದೆ, ಆ ಎರಡು ಮಾತಿಗೆ ಉಸಿರು ತಪ್ಪಿತು.

ಒಂದು ದಿನ ಅವನು ಮನೆಗೂ ಬಂದ. ಕಾರಣ ಅಜ್ಜಿಯ ಹಲ್ಲಿನ ಸೆಟ್ಟು. ಕೈಜಾರಿ ಬಿದ್ದು ಎರಡು ಹೋಳಾಗಿತ್ತು. ಅಜ್ಜಿ ಬಾಗಿಲಲ್ಲೇ ಕೂಗಿದರು, "ಬಾಪ್ಪಾ ಹಲ್ಲಪ್ಪಾ, ಒಳಗೆ ಬಾ!"

"ಅಜ್ಜೀ!" ಅವಳು ಹಣೆ ಚಚ್ಚಿಕೊಂಡಳು.

"ನೀನೇ ತಾನೇ ದಿನಾ ಹಾಗನ್ನೋದು? ಹಲ್ಲಪ್ಪ ಹೀಗಂದ, ಹಲ್ಲಪ್ಪ ಹಾಗೆ ನಕ್ಕ..."

ಅವನು ಬಗ್ಗಿ ಸೆಟ್ಟು ಜೋಡಿಸುತ್ತಿದ್ದ. ಭುಜ ಕುಣಿಯುತ್ತಿತ್ತು.

"ಸ್ವಲ್ಪ ಬೇಗ ಮಾಡಿಕೊಡಪ್ಪ," ಎಂದರು ಅಜ್ಜಿ. "ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅನ್ನೋ ಹಾಗಾಗಿದೆ ನನ್ನ ಗತಿ. ಇವಳಿಗೋ ಹಲ್ಲಿದೆ, ಏನು ಪ್ರಯೋಜನ? ರಾತ್ರಿಯೆಲ್ಲ ಕಟಕಟ ಕಡೀತಾಳೆ!"

"ಗೊತ್ತು," ಎಂದ ಅವನು ತಲೆಯೆತ್ತದೆ.

ಅಜ್ಜಿಯ ಹುಬ್ಬು ಮೇಲೇರಿತು. "ನಿಂಗೆ ಹೇಗಪ್ಪ ಗೊತ್ತು?"

ಅವನಿಗೆ ಕೆಮ್ಮು ಬಂತು. "ಅಂದ್ರೆ... ತುಂಬಾ ಜನ ಕಡೀತಾರೆ ಅಜ್ಜಿ."

"ಅದಿರಲಿ. ನಮ್ಮ ಎದುರುಮನೆಯವಳ ಹಲ್ಲು ಮುತ್ತಿನ ಹಾಗಿದೆಯಲ್ಲ, ಅದು ಸ್ವಂತದ್ದಾ, ನೀನು ಕಟ್ಟಿದ್ದಾ? ನನ್ನ ಕಿವೀಲಿ ಹೇಳು."

"ಅದೊಂದು ಕೇಳಬೇಡಿ ಅಜ್ಜಿ. ನಮ್ಮ ಕಸುಬಿನಲ್ಲಿ ಒಂದು ಮಾತಿದೆ. ಕಟ್ಟಿದ ಹಲ್ಲಿನ ಗುಟ್ಟು ಕಟ್ಟಿಸಿಕೊಂಡೋರದ್ದು. ಅವರಾಗಿ ಹೇಳೋವರೆಗೂ ನಾಲ್ಕು ಜನರೆದುರು ನಾವು ಬಾಯಿ ಬಿಡೋ ಹಾಗಿಲ್ಲ."

ಅಜ್ಜಿಗೆ ನಿರಾಸೆಯಾಯಿತು. ಅವಳಿಗೆ ಮಾತ್ರ ಆ ಉತ್ತರ ತುಂಬ ಹಿಡಿಸಿತು. ನಾಲಿಗೆ ಮತ್ತೆ ಆ ಹಲ್ಲನ್ನು ಮುಟ್ಟಿ ಬಂತು.

*

ಗ್ಯಾಲರಿ ತೆರೆಯಲು ಎರಡು ದಿನವಿತ್ತು.

ಗಿಳಿಮೀನು, ಚಿಟ್ಟೆಮೀನು, ಕೆಳದವಡೆ ವಾಪಸು ಬಂದ ಮಾವ, ಎಲ್ಲ ಗೋಡೆಗೇರಿದ್ದವು. ಚಾಚುಬಾಯಿಯ ಹಿಡಿಕೆ ಒಂದೇ ಸ್ವಲ್ಪ ಬಿಗಿಯಾಗಿತ್ತು. ಡೈರೆಕ್ಟರು, ಗೋಡೆಗೆ ಬಣ್ಣ ಬಳಿಯುತ್ತಿದ್ದ ಬಣ್ಣದಕ್ಕ, ಅವಳು, ಎಲ್ಲರೂ ಅವನ ರೂಮಿನಲ್ಲಿ ಸೇರಿದ್ದರು.

"ಇದಾದ ಮೇಲೂ ಇಲ್ಲೇ ಇರಪ್ಪ," ಎನ್ನುತ್ತಿದ್ದರು ಡೈರೆಕ್ಟರು. "ಏಡಿ, ಆಮೆ, ಎಲ್ಲಾ ಮಾಡೋದಿದೆ. ಆ ದೂರದೂರಿನ ದೊಡ್ಡ ಲ್ಯಾಬಿನವರು ಹಲ್ಲು ಕಟ್ಟೋ ಕೆಲಸಕ್ಕೆ ಕರೆದ್ರು ಅಂತ ಹೊರಡಬೇಡ."

"ಗ್ಯಾಲರಿ ತೆರೆಯೋ ದಿನ ಅವರಿಗೆ ಉತ್ತರ ಹೇಳಬೇಕು ಸರ್. ಅಷ್ಟರಲ್ಲಿ ಇಲ್ಲಿ... ಒಬ್ಬರನ್ನ ಒಂದು ಮಾತು ಕೇಳೋದಿದೆ."

ಬಣ್ಣದಕ್ಕ ಅವಳನ್ನು ಮೊಣಕೈಯಿಂದ ತಿವಿದಳು. ಅವಳ ಮುಖ ಬೆಚ್ಚಗಾಯಿತು. ಆ ತಬ್ಬಿಬ್ಬಿನಲ್ಲೇ, "ಎಣ್ಣೆ ಡಬ್ಬಿ ಎಲ್ಲಿಟ್ಟಿದ್ದೀರಿ?" ಎನ್ನುತ್ತಾ ಕಪಾಟು ತೆಗೆದಳು.

ಎಣ್ಣೆ ಡಬ್ಬಿಯ ಹಿಂದೆ ಮೆತ್ತನೆಯ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿಟ್ಟ ಏನೋ ಇತ್ತು. ಕೈ ತಾಗಿ ಬಟ್ಟೆ ಜಾರಿತು.

ಪ್ಲಾಸ್ಟರಿನ ಒಂದು ಬಾಯಿ.

ಮನುಷ್ಯರ ಬಾಯಿ. ಸಣ್ಣ ದವಡೆ... ಹೆಣ್ಣಿನದು. ಮುಂದಿನ ಒಂದು ಹಲ್ಲಿನ ಜಾಗ ಖಾಲಿ.

"ಯಾರದ್ದಪ್ಪಾ ಇದು, ಇಷ್ಟು ಮುದ್ದಾಗಿ ಇಟ್ಟಿದ್ದೀಯ?" ಬಣ್ಣದಕ್ಕ ರಾಗವೆಳೆದಳು.

ಅವನು ಬಿಳಿಚಿಕೊಂಡ. "ಅದು... ಒಬ್ಬರದ್ದು."

"ಹಲ್ಲು ಕಟ್ಟೋಕೆ ತೆಗೆದ ಅಚ್ಚನ್ನ ಕೆಲಸ ಮುಗಿದ ಮೇಲೆ ಒಡೆದು ಎಸೀತೀವಿ ಅಂತ ನೀವೇ ಅಂದಿದ್ರಲ್ಲ?" ಎಂದಳು ಅವಳು. ತನ್ನ ದನಿ ತನಗೇ ತೆಳ್ಳಗೆ ಕೇಳಿಸಿತು.

"ಇದನ್ನ ಆಗಲಿಲ್ಲ."

'ಆಗಲಿಲ್ಲವಂತೆ! ಬಟ್ಟೆ ಬೇರೆ ಸುತ್ತಿ!'

"ಬಾಯಿ ಮೇಡಂ, ಓದಿ ಓದಿ!" ಡೈರೆಕ್ಟರಿಗೆ ಉತ್ಸಾಹ. "ಮೀನಿನ ಬಾಯಿ ಓದೋರು, ಇದನ್ನೂ ಓದಿ ನೋಡೋಣ!"

ಬೇರೆ ದಿನವಾಗಿದ್ದರೆ ಅವಳು ನಕ್ಕು ಬಿಡುತ್ತಿದ್ದಳು. ಇವತ್ತು ಬಿಡಲಿಲ್ಲ. ಕಚ್ಚಿಕೊಂಡಿದ್ದ ಪೆನ್ನನ್ನು ಬಾಯಿಂದ ತೆಗೆದು, ಕೈಗೆತ್ತಿಕೊಂಡ ಆ ಅಚ್ಚಿನ ಮೇಲೆ ಆಡಿಸುತ್ತಾ ಶುರುಮಾಡಿದಳು.

"ನೋಡಿ, ಮೇಲಿನ ಕೋರೆಹಲ್ಲು ಓರೆ. ಕೆಳಗೆ ಮುಂದಿನ ಎರಡು ಹಲ್ಲು ಕಾಲ ಮೇಲೆ ಕಾಲು ಹಾಕಿ ಕೂತಿವೆ, ಜಂಭ! ಒಂದೇ ಕಡೆ ಸವೆದಿದೆ... ಅಂದ್ರೆ ಹಟಮಾರಿ, ಹಿಡಿದದ್ದೇ ಸರಿ. ಅಂಚೆಲ್ಲ ಚಪ್ಪಟೆ, ನಿದ್ದೇಲಿ ಹಲ್ಲು ಕಡೀತಾಳೆ. ಇಲ್ಲೊಂದು ಸಣ್ಣ ಕಚ್ಚು... ಪೆನ್ನೋ ಪೆನ್ಸಿಲ್ಲೋ ಕಚ್ಚೋ ಚಟ. ಮೆತ್ತಗಿನ ಊಟ ಸೇರಲ್ಲ, ಗಟ್ಟಿ ಪದಾರ್ಥಾನೇ ಬೇಕು. ಒಟ್ಟಿನಲ್ಲಿ, ಬಾಯಿ ಮುಚ್ಚಿ ಕೂರೋ ಜಾತಿಯಲ್ಲ. ಪಾಪ, ಇವಳನ್ನ ಕಟ್ಟಿಕೊಳ್ಳೋನು ಕಿವಿಗೆ ಹತ್ತಿ ಇಟ್ಕೊಂಡೇ ಮಲಗಬೇಕು!"

ಡೈರೆಕ್ಟರು ಬಿದ್ದು ಬಿದ್ದು ನಕ್ಕರು. ಬಣ್ಣದಕ್ಕನೂ ನಕ್ಕಳು.

ಅವನು ನಗಲಿಲ್ಲ. ಮುಂದೆ ಬಂದು ಆ ಅಚ್ಚನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

"ಹಾಗನ್ನಬೇಡಿ ಮೇಡಂ. ಈ ಬಾಯಿ ಬಗ್ಗೆ ನನ್ನೆದುರು ಯಾರೂ ಹಾಗನ್ನಬಾರದು. ನೀವೂ ಸಹ."

"ಅಷ್ಟು ಬೇಕಾದೋರಾ?"

ಅವನು ಅವಳನ್ನು ನೋಡಿದ. ಡೈರೆಕ್ಟರನ್ನು ನೋಡಿದ. ಬಣ್ಣದಕ್ಕನನ್ನು ನೋಡಿದ. ತುಟಿ ಅಲುಗಿತು. ಮತ್ತೆ ಮಡಚಿಕೊಂಡಿತು.

"ಬೇಕಾದೋರೇ. ಯಾರು ಅಂತ ಇಲ್ಲಿ ಹೇಳೋ ಹಾಗಿಲ್ಲ... ನೀವು ಒಂದು ನಿಮಿಷ ಹೊರಗೆ ಬಂದ್ರೆ..."

"ನಂಗೆ ಕೆಲಸ ಇದೆ!"

ಎಣ್ಣೆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಹೊರಟುಹೋದಳು. ಮರುದಿನ ರಜೆ ಹಾಕಿದಳು. ಅವನು ಮೂರು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ.

*

"ಸೇಬು ಹೆಚ್ಚಿಕೊಡೇ," ಎಂದರು ಅಜ್ಜಿ ಆ ಸಂಜೆ.

ಅವಳು ಹೆಚ್ಚಲಿಲ್ಲ. ತಟ್ಟೆಯಿಂದ ದೊಡ್ಡದೊಂದನ್ನು ಎತ್ತಿ, ವೈರಿಯ ಕುತ್ತಿಗೆ ಸಿಕ್ಕಿತೆನ್ನುವ ಹಾಗೆ ಕಚ್ಚಿದಳು.

"ನಂಗೆ ಕೇಳಿದ್ರೆ ನೀನು ತಿಂತೀಯಲ್ಲೇ! ಏನಾಯ್ತು?"

"ಏನೂ ಇಲ್ಲ."

"ಏನೂ ಇಲ್ಲದೆ ಯಾಕೆ ರಜೆ? ಯಾಕೆ ಕಣ್ಣು ಊದಿದೆ? ಹಲ್ಲಪ್ಪ ಏನಂದ?"

ಅಷ್ಟು ಸಾಕಾಯಿತು. ಕಟ್ಟೆ ಒಡೆಯಿತು. "ಅವನಿಗೆ ಯಾರೋ ಇದ್ದಾಳಜ್ಜಿ! ಅವಳ ಹಲ್ಲಿನ ಅಚ್ಚನ್ನ ಬಟ್ಟೇಲಿ ಸುತ್ತಿ ಇಟ್ಕೊಂಡಿದ್ದಾನೆ! ನಾನು ಓದಿದೆ, ಮಹಾ ಹಟಮಾರಿ. ಒಂದೇ ಕಡೆ ಅಗಿಯೋಳು, ಪೆನ್ನು ಕಚ್ಚೋಳು, ನಿದ್ದೇಲಿ ಹಲ್ಲು ಕಡಿಯೋಳು, ಬಾಯಿಬಡುಕಿ! ಮುಂದಿನ ಹಲ್ಲು ಬೇರೆ ಇಲ್ಲ! ಅಂಥೋಳಿಗೋಸ್ಕರ ನನ್ನನ್ನ..."

ಅಜ್ಜಿ ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಬಲಕೆನ್ನೆಯಲ್ಲಿ ಸೇಬು ತುಂಬಿಕೊಂಡಿತ್ತು. ಕೂದಲ ಗಂಟಿಗೆ ಸಿಕ್ಕಿಸಿದ ಪೆನ್ನಿನ ತುದಿ ನುಜ್ಜುಗುಜ್ಜಾಗಿತ್ತು.

"ಇವಳನ್ನ ನಾನೆಲ್ಲೋ ನೋಡಿದ್ದೀನಲ್ಲ..." ಎಂದರು ನಿಧಾನಕ್ಕೆ.

"ಯಾರನ್ನ?"

"ಆ ಹಟಮಾರೀನ. ರಾತ್ರಿ ನನ್ನ ಪಕ್ಕದ ಮಂಚದಲ್ಲೇ ಮಲಗ್ತಾಳೆ ಕಣೇ. ಕಟಕಟ ಅನ್ನಿಸಿಕೊಂಡು."

ಅವಳ ಅಗಿತ ನಿಂತಿತು.

ಕೈಯಲ್ಲಿದ್ದ ಸೇಬನ್ನು ನೋಡಿದಳು. ಬಿಳಿ ತಿರುಳಿನ ಮೇಲೆ ತನ್ನದೇ ಹಲ್ಲಿನ ಗುರುತು. ಗಿಳಿಮೀನು ಹವಳದ ಮೇಲೆ ಬಿಟ್ಟುಹೋದ ಕಚ್ಚನ್ನು ನೋಡಿ ಇಂಥದ್ದೇ ಮೀನು ಎಂದು ಹೇಳುವವಳು, ಈಗ ಆ ಗುರುತಿನ ಮೇಲೆ ಬೆರಳಾಡಿಸಿದಳು.

ಇಲ್ಲಿ ಕೋರೆಹಲ್ಲು... ಓರೆ.

ಇಲ್ಲಿ ಕೆಳಗಿನ ಎರಡು... ಕಾಲ ಮೇಲೆ ಕಾಲು.

ಇಲ್ಲಿ... ಖಾಲಿ ಇದ್ದ ಜಾಗ. ಈಗ ಅಲ್ಲಿ ನೇರವಾದ, ನಯವಾದ, ಯಾರೋ ಪ್ರೀತಿಯಿಂದ ತಿದ್ದಿದ ಒಂದು ಹಲ್ಲಿನ ಗುರುತು.

ಹಿಂಬಾಗಿಲಿನ ಆ ನೋಟ. "ಗೊತ್ತು" ಎಂದು ಬಾಯಿತಪ್ಪಿ ಬಂದ ಆ ಮಾತು. 'ನಾಲ್ಕು ಜನರೆದುರು ನಾವು ಬಾಯಿ ಬಿಡೋ ಹಾಗಿಲ್ಲ.' ಡೈರೆಕ್ಟರು, ಬಣ್ಣದಕ್ಕ... ಅವನು ಅವರಿಬ್ಬರ ಕಡೆ ನೋಡಿ ಬಾಯಿ ಮುಚ್ಚಿದ್ದು ತನ್ನ ಗುಟ್ಟಿಗಾಗಿ!

"ಅಜ್ಜೀ!!!"

"ಕನ್ನಡಿ ತಂದುಕೊಡ್ಲಾ?" ಎಂದರು ಅಜ್ಜಿ, ತಣ್ಣಗೆ.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಬೆನ್ನಿನ ಮಾತೇನು, ಊರಿನ ಬಾಯನ್ನೆಲ್ಲ ಬಲ್ಲವಳಿಗೆ ತನ್ನ ಬಾಯೇ ಕಂಡಿರಲಿಲ್ಲ. ಕಂಡಾಗಲೂ ಗುರುತು ಸಿಗದೆ, ಆ ಬಾಯಿಯ ಮೇಲೇ ಹೊಟ್ಟೆಕಿಚ್ಚುಪಟ್ಟು ಇಡೀ ರಾತ್ರಿ ಅತ್ತಿದ್ದಳು!

ಫೋನ್ ಮಾಡಿದಳು. ಅವನದು ಸ್ವಿಚ್ ಆಫ್.

'ಹೊರಟುಬಿಟ್ಟನಾ? ದೊಡ್ಡ ಲ್ಯಾಬಿನವರಿಗೆ ಹೂಂ ಅಂದುಬಿಟ್ಟನಾ? ಎಲ್ಲಕ್ಕೂ ಹೂಂ ಅನ್ನೋದೇ ತಾನೇ ಅವನಿಗೆ ಗೊತ್ತಿರೋದು!'

*

ಮರುದಿನ ಅಕ್ವೇರಿಯಂನಲ್ಲಿ ಕಾಲಿಡಲು ಜಾಗವಿಲ್ಲ. ಶಾಲೆಯ ಮಕ್ಕಳು ಹಿಡಿಕೆ ಎಳೆಯುತ್ತಿದ್ದರು, ಕಿರುಚುತ್ತಿದ್ದರು. ಗಿಳಿಮೀನಿನ ಕೊಕ್ಕು ಟಕಟಕ ಎನ್ನುತ್ತಿತ್ತು. ಮಾವನ ಬಾಯಿಯೊಳಗೆ ಒಬ್ಬ ಪೋರ ಅರ್ಧ ಹೋಗಿ ಸಿಕ್ಕಿಕೊಂಡಿದ್ದ.

ಅವನು ಚಾಚುಬಾಯಿಯ ಪಕ್ಕದಲ್ಲಿದ್ದ. ಹೆಗಲಿಗೆ ಚೀಲ. ಮೊದಲ ದಿನ ತಂದಿದ್ದ ಅದೇ ಚೀಲ!

ಅವಳು ಮಕ್ಕಳನ್ನು ದಾಟಿ, ಡೈರೆಕ್ಟರ ಕಾಲು ತುಳಿದು, ಏದುಸಿರು ಬಿಡುತ್ತಾ ಅವನೆದುರು ನಿಂತಳು.

"ಫೋನ್ ಯಾಕ್ರೀ ಆಫ್?!"

"ಬ್ಯಾಟರಿ... ನೀವು ಎತ್ತಲಿಲ್ಲ ಅಂತ ಮತ್ತೆ ಮತ್ತೆ ನೋಡಿ ನೋಡಿ ಖಾಲಿಯಾಯ್ತು."

"ಅವರಿಗೆ ಉತ್ತರ ಹೇಳಿದ್ರಾ?"

"ಇನ್ನೂ ಇಲ್ಲ. ಒಬ್ಬರನ್ನ ಕೇಳೋದು ಬಾಕಿ ಇತ್ತು. ಅವರು ಮಾತೇ ಆಡಲಿಲ್ಲ. ಅದಕ್ಕೇ... ಸಂಜೆ ಬಸ್ಸಿಗೆ..."

"ಎಲ್ಲರೂ ಕೇಳಿ!" ಅವಳು ಗಟ್ಟಿಯಾಗಿ ಕೂಗಿದಳು.

ಆ ಬಾಯಿ ಜೋರಾಗಿ ತೆರೆದದ್ದು ಅದೇ ಮೊದಲೇನಲ್ಲ. ಆದರೆ ಈ ಸಲ ಗ್ಯಾಲರಿಯಲ್ಲಿ ಹಿಡಿಕೆಗಳೆಲ್ಲ ನಿಂತವು. ಪೋರ ಕೂಡ ಮಾವನ ಬಾಯಿಂದ ಇಣುಕಿದ.

"ಮೊನ್ನೆ ಒಂದು ಬಾಯಿ ಓದಿ ನಾನು ತಪ್ಪು ಹೇಳಿದೆ. ಹಟಮಾರಿ, ಬಾಯಿಬಡುಕಿ ಅಂದಿದ್ದು ಸರಿ. ಯಾರದ್ದು ಅನ್ನೋದು ಮಾತ್ರ ಗೊತ್ತಾಗಲಿಲ್ಲ." ಅವಳು ತುಟಿ ಮೇಲೆತ್ತಿ, ಬೆರಳಿಟ್ಟು ತೋರಿಸಿದಳು. "ಇದು, ಈ ಹಲ್ಲು, ಕಟ್ಟಿಸಿಕೊಂಡಿದ್ದು! ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಕಟ್ಟಿದೋರು ಇವರು. ಆ ಅಚ್ಚು ನಂದು!"

"ಹಾಂ?!" ಎಂದರು ಡೈರೆಕ್ಟರು.

"ನಂಗೆ ಮೊನ್ನೇನೇ ಅನುಮಾನ ಬಂದಿತ್ತು," ಎಂದಳು ಬಣ್ಣದಕ್ಕ, ಬರದಿದ್ದರೂ.

ಅವಳು ಅವನ ಕಡೆ ತಿರುಗಿದಳು. ಈಗ ದನಿ ಅವನೊಬ್ಬನಿಗೆ ಕೇಳುವಷ್ಟು. "ಗುಟ್ಟು ನಂದು, ನಾನೇ ಬಿಟ್ಟೆ. ಇನ್ನು ನಿಮ್ಮ ಬಾಯಿಗೆ ಬೀಗ ಇಲ್ಲ. ಹೇಳಿ."

ಅವನು ಅವಳನ್ನೇ ನೋಡಿದ. ತುಟಿ ಅಲುಗಿತು. ಈ ಸಲ ಮಡಚಿಕೊಳ್ಳಲಿಲ್ಲ. ಎಲ್ಲಿ ಅಡಗಿದ್ದವೋ ಅಷ್ಟೂ ಮಾತುಗಳು ಒಮ್ಮೆಲೇ ಚಾಚಿಕೊಂಡವು!

"ಎರಡು ವರ್ಷದ ಹಿಂದೆ ಡಾಕ್ಟ್ರು ಒಂದು ಅಚ್ಚು ಕೊಟ್ರು. ನಮಗೆ ಮುಖ ತೋರಿಸಲ್ಲ, ಹೆಸರು ಹೇಳಲ್ಲ. ಬರೀ ಬಾಯಿ. ಆದ್ರೆ ಅವತ್ತು ಡಾಕ್ಟ್ರು, 'ಈ ಹೆಣ್ಣುಮಗಳು ಹಲ್ಲು ಮುರಿದ್ರೂ ನಗ್ತಾನೇ ಬಂದ್ಳಪ್ಪ, ಆ ನಗು ಕೆಡದ ಹಾಗೆ ಮಾಡು' ಅಂದ್ರು. ಹಲ್ಲು ಮುರಿದ್ರೂ ನಗೋರು ಯಾರಪ್ಪ ಅಂತ ಯೋಚಿಸ್ತಾ ಯೋಚಿಸ್ತಾ ಆ ಹಲ್ಲನ್ನ ಮತ್ತೆ ಮತ್ತೆ ಕೆಡವಿ ಮಾಡಿದೆ. ಅದು ಹೋದ ಮೇಲೆ ಅಚ್ಚು ಒಡೆಯೋಕೆ ಸುತ್ತಿಗೆ ಎತ್ತಿದ್ರೆ ಕೈ ಬರಲಿಲ್ಲ. ಓರೆ ಹಲ್ಲು, ಸವೆದ ದವಡೆ... ಒಡೆದ್ರೆ ಅವರಿಗೆ ನೋವಾಗುತ್ತೆ ಅನ್ನಿಸ್ತು. ಹುಚ್ಚು, ಗೊತ್ತು. ಆಮೇಲೆ ಇಲ್ಲಿಗೆ ಬಂದ್ರೆ, ಹಿಂಬಾಗಿಲಲ್ಲಿ ಬಕೆಟ್ಟು ಹಿಡ್ಕೊಂಡು... ನಾನು ಮಾಡಿದ ಹಲ್ಲು ನನ್ನನ್ನೇ ಬೈತಾ ಇತ್ತು!"

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದು ಮೊದಲು ಬಂತೋ ಗೊತ್ತಾಗಲಿಲ್ಲ.

"ಒಬ್ಬರನ್ನ ಏನೋ ಕೇಳಬೇಕು ಅಂದ್ರಲ್ಲ?"

"ಕೇಳ್ತೀನಿ." ಅವನು ಚೀಲ ಕೆಳಗಿಟ್ಟ. "ಕಿವಿಗೆ ಹತ್ತಿ ಇಟ್ಕೊಂಡು ಮಲಗೋಕೆ ನಾನು ತಯಾರಿದ್ದೀನಿ. ಜೀವನಪೂರ್ತಿ. ಆಗಬಹುದಾ?"

ಬಾಯಿ ಮೇಡಂಗೆ ಬಾಯಿ ಕಟ್ಟಿತು! ಮಾತು ಹುಡುಕಿದಳು, ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಅವನದೇ ಮಾತು.

"ಹೂಂ," ಎಂದಳು.

ಮಾವನ ಬಾಯೊಳಗಿಂದ ಪೋರ ಶಿಳ್ಳೆ ಹಾಕಿದ. ಡೈರೆಕ್ಟರು, "ಹಾಗಾದ್ರೆ ಏಡಿ, ಆಮೆ ಎಲ್ಲಾ ಆಗುತ್ತೆ!" ಎಂದು ಚಪ್ಪಾಳೆ ತಟ್ಟಿದರು. ಮಕ್ಕಳು ಕಾರಣ ಗೊತ್ತಿಲ್ಲದೆ ಕುಣಿದರು, ಹಿಡಿಕೆಗಳನ್ನೆಲ್ಲ ಒಟ್ಟಿಗೆ ಎಳೆದರು. ಗೋಡೆಯ ಮೇಲಿನ ಬಾಯಿಗಳೆಲ್ಲ ಒಮ್ಮೆಗೇ ತೆರೆದುಕೊಂಡವು.

ಸಂಜೆ, ಜನರೆಲ್ಲ ಹೋದ ಮೇಲೆ, ಇಬ್ಬರೂ ಮೂಲೆಯ ಟ್ಯಾಂಕಿನ ಮುಂದೆ ಕುಳಿತಿದ್ದರು. ಇಬ್ಬರ ನಡುವೆ ಬಟ್ಟೆ ಬಿಚ್ಚಿದ ಆ ಅಚ್ಚು.

"ಇನ್ನು ಇದನ್ನ ಒಡೆದುಬಿಡ್ಲಾ?" ಎಂದ ಅವನು. "ಅಸಲೇ ಪಕ್ಕದಲ್ಲಿದೆ. ನಕಲು ಯಾಕೆ?"

"ಒಡೆದು ನೋಡಿ! ಕಚ್ಚಿಬಿಡ್ತೀನಿ!"

ಅವನು ತೋಳು ಮುಂದೆ ಚಾಚಿದ.

"ಕಚ್ಚಿ. ಯಾರ ಗುರುತು ಅಂತ ಕೇಳಿದ್ರೆ... ಇನ್ನು ನಾಲ್ಕು ಜನರೆದುರೂ ಹೇಳ್ತೀನಿ."